ಗಿರಾಕಿಯ ಮನೆಯಲ್ಲೇ ಸೋಫಾ ಇಟ್ಟು ತೋರಿಸುವುದು: ಎಆರ್ ಬಳಸಿದ ನನ್ನ ಅನುಭವ

ಸೋಫಾ, ಬೀರು, ಊಟದ ಮೇಜು ಮಾರುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಇದು ನಮ್ಮ ಮನೆಗೆ ಸರಿಹೋಗುತ್ತಾ?" ಅಂಗಡಿಯಲ್ಲಿ ಸೂರು ಎತ್ತರ, ಜಾಗವೂ ಜಾಸ್ತಿ. ಅಲ್ಲಿ ಎಂಥ ಸೋಫಾ ಇಟ್ಟರೂ ಚಿಕ್ಕದಾಗೇ ಕಾಣುತ್ತದೆ. ಅದೇ ಸೋಫಾ ಮನೆಯ ಹಾಲ್‌ಗೆ ಬಂದರೆ ಓಡಾಡಲು ದಾರಿ ಉಳಿಯುವುದಿಲ್ಲ. ಅಳತೆ ಬರೆದುಕೊಟ್ಟರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ 84 ಇಂಚು ಅಂದರೆ ತಮ್ಮ ಗೋಡೆಯಲ್ಲಿ ಎಲ್ಲಿಂದ ಎಲ್ಲಿಗೆ ಅನ್ನುವುದು ಹೆಚ್ಚಿನವರ ಕಣ್ಣಿಗೆ ಕಟ್ಟುವುದಿಲ್ಲ. ನಾನು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್ ಕಲಿತದ್ದು ಈ ಒಂದೇ ಪ್ರಶ್ನೆಗೋಸ್ಕರ.

ಫೋನಿನ ಕ್ಯಾಮೆರಾವನ್ನು ನೆಲದತ್ತ ಹಿಡಿದರೆ ಪರದೆಯಲ್ಲಿ ಅವರದೇ ಹಾಲ್ ಕಾಣುತ್ತದೆ, ಅದರಲ್ಲಿ ನಮ್ಮ ಸೋಫಾ ನಿಜವಾದ ಅಳತೆಯಲ್ಲಿ ಕೂತಿರುತ್ತದೆ. ಹತ್ತಿರ ಹೋಗಬಹುದು, ಸುತ್ತ ನಡೆದು ನೋಡಬಹುದು. 2017ರಲ್ಲಿ ಆಪಲ್ ಎಆರ್‌ಕಿಟ್ ಅನ್ನೂ ಗೂಗಲ್ ಎಆರ್‌ಕೋರ್ ಅನ್ನೂ (ಎರಡೂ ಎಆರ್ ಆ್ಯಪ್ ಕಟ್ಟಲು ಬೇಕಾದ ತಂತ್ರಾಂಶ) ಪ್ರಕಟಿಸಿದ ಮೇಲೆ ಇದು ದಿನಬಳಕೆಯ ಫೋನುಗಳಿಗೆ ಬಂತು. ಪೀಠೋಪಕರಣ ಕಂಪನಿ ಐಕಿಯಾ ಅದೇ ವರ್ಷ ತನ್ನ 'ಪ್ಲೇಸ್' ಆ್ಯಪ್ ಬಿಟ್ಟಿತು. ನಾನು ಮಾತ್ರ ಆ್ಯಪ್ ಮಾಡಿಸುವ ದಾರಿ ಹಿಡಿಯಲಿಲ್ಲ. ಒಂದು ಸೋಫಾ ನೋಡಲು ಯಾರು ತಾನೇ ಆ್ಯಪ್ ಇಳಿಸಿಕೊಳ್ಳುತ್ತಾರೆ, ಅಲ್ವಾ? ಗೂಗಲ್ ಉಚಿತವಾಗಿ ಕೊಡುವ 'ಮಾಡೆಲ್ ವ್ಯೂವರ್' ಅನ್ನುವ, ವಸ್ತುವಿನ ಮೂರು ಆಯಾಮದ ಮಾಡೆಲ್ ತೋರಿಸುವ ಸಾಧನವನ್ನು ವೆಬ್ ಪುಟಕ್ಕೆ ಸೇರಿಸಿಕೊಂಡೆ. ಗಿರಾಕಿಗೆ ಒಂದು ಲಿಂಕ್ ಕಳಿಸಿದರೆ ಸಾಕು. ಮಾಡೆಲ್ ಇಡಲು ಆಂಡ್ರಾಯ್ಡ್ ಫೋನಿಗೆ ಜಿಎಲ್‌ಬಿ ಅನ್ನುವ ಬಗೆಯ ಫೈಲ್, ಐಫೋನಿಗೆ ಯುಎಸ್‌ಡಿಜೆಡ್ ಫೈಲ್ ಬೇಕು. ಎರಡನ್ನೂ ಇಟ್ಟಿರುತ್ತೇನೆ.

ನಿಜವಾದ ಕೆಲಸ ಇರುವುದು ಮಾಡೆಲ್ ಮಾಡುವುದರಲ್ಲಿ. ಸುತ್ತಲೂ ಫೋಟೊ ತೆಗೆದು ಅದರಿಂದಲೇ ಮಾಡೆಲ್ ಕಟ್ಟುವ ವಿಧಾನ ಒಂದಿದೆ. ಬಟ್ಟೆ ಹೊದಿಸಿದ ಸೋಫಾಕ್ಕೆ ಅದು ಪರವಾಗಿಲ್ಲ. ಪಾಲಿಶ್ ಹಾಕಿದ ಮರ, ಗಾಜು, ಕನ್ನಡಿಗೆ ಆಗುವುದಿಲ್ಲ. ಒಂದು ಫೋಟೊದ ಗುರುತು ಇನ್ನೊಂದರಲ್ಲಿ ಸಿಕ್ಕರೆ ತಾನೇ ಲೆಕ್ಕ ಕೂಡುವುದು? ನಾವು ಒಂದು ಹೆಜ್ಜೆ ಸರಿದರೆ ಹೊಳಪೂ ಸರಿಯುತ್ತದೆ. ಹಾಗಾಗಿ ಬೀರು, ಮೇಜುಗಳನ್ನು ಬಡಗಿ ಕೊಟ್ಟ ಅಳತೆ ಇಟ್ಟುಕೊಂಡು ಬ್ಲೆಂಡರ್ ಅನ್ನುವ ಮೂರು ಆಯಾಮದ ಚಿತ್ರಣದ ಸಾಫ್ಟ್‌ವೇರ್‌ನಲ್ಲೇ ಕಟ್ಟುತ್ತೇನೆ.

ಅಲ್ಲಿ ನಾನು ಬಿಡದೆ ನೋಡುವುದು ಅಳತೆಯನ್ನು. ಜಿಎಲ್‌ಬಿ ಫೈಲಿನಲ್ಲಿ ಅಳತೆ ಮೀಟರ್ ಲೆಕ್ಕದಲ್ಲಿರುತ್ತದೆ. 84 ಇಂಚಿನ ಸೋಫಾ ಅಲ್ಲಿ 2.13 ಇರಬೇಕು. ಮಾಡೆಲ್‌ನ ಮೂಲಬಿಂದು, ಅಂದರೆ ಫೋನ್ ಅದನ್ನು ನೆಲಕ್ಕೆ ಕೂರಿಸುವ ಬಿಂದು, ಕಾಲುಗಳ ತಳದ ಮಟ್ಟದಲ್ಲಿರಬೇಕು. ಅದು ನಡುಮಧ್ಯೆ ಇದ್ದರೆ ಕೆಲವು ಫೋನುಗಳಲ್ಲಿ ಬೀರು ಅರ್ಧ ನೆಲದೊಳಗೆ ಹೂತುಹೋಗಬಹುದು. ಇನ್ನು ಫೈಲ್ ಹಗುರ ಇರಬೇಕು. ಹತ್ತಿರದಿಂದ ನೋಡುವ ಮರದ ಮೇಲ್ಮೈಗೆ ಹೊದಿಸಲು 2048 ಪಿಕ್ಸೆಲ್ ಚಿತ್ರ, ಉಳಿದದ್ದಕ್ಕೆಲ್ಲ 1024. ಲಿಂಕ್ ತೆರೆಯುವುದು ತಡವಾದರೆ ಗಿರಾಕಿ ಸುಮ್ನೆ ಮುಚ್ಚಿಬಿಡುತ್ತಾರೆ. ನೆರಳನ್ನೂ ಮರೆಯಬೇಡಿ. ಕಾಲಿನ ಬುಡದಲ್ಲಿ ತೆಳು ನೆರಳು ಇಲ್ಲದಿದ್ದರೆ ಅಳತೆ ಎಷ್ಟೇ ಸರಿಯಿದ್ದರೂ ವಸ್ತು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ.

ಎರಡು ಬೆರಳಿಂದ ಹಿಗ್ಗಿಸಿ ಕುಗ್ಗಿಸುವ ಸೌಲಭ್ಯವನ್ನು ನಾನು ಮುಚ್ಚಿಬಿಟ್ಟಿದ್ದೇನೆ. ಮಾಡೆಲ್ ವ್ಯೂವರ್‌ನಲ್ಲಿ ಅಳತೆಯನ್ನು 'ಫಿಕ್ಸೆಡ್' ಅಂತ ಇಟ್ಟರೆ ಆಯಿತು. ಸೋಫಾವನ್ನು ಬೆರಳಲ್ಲಿ ಕುಗ್ಗಿಸಿ ಮೂಲೆಗೆ ಕೂರಿಸಿ "ಹಿಡಿಯಿತು ನೋಡಿ" ಅಂದುಕೊಂಡವರಿಗೆ ನಾವೇ ಮೋಸ ಮಾಡಿದ ಹಾಗಾಗುತ್ತದೆ.

ಬೀರುಗಳಿಗೆ ಎರಡು ಮಾಡೆಲ್ ಇಡುತ್ತೇನೆ: ಬಾಗಿಲು ಮುಚ್ಚಿದ್ದು, ಬಾಗಿಲು ಪೂರ್ತಿ ತೆರೆದದ್ದು. ಇದರ ಬೆಲೆ ನನಗೆ ಗೊತ್ತಾದದ್ದು ಒಬ್ಬ ಗಿರಾಕಿಯ ಮಲಗುವ ಕೋಣೆಯಲ್ಲಿ. ಮೂರು ಬಾಗಿಲಿನ ಬೀರುವನ್ನು ಮಂಚದ ಎದುರು ಇಟ್ಟು ನೋಡಿದರು. ಸರಿಯಾಗಿ ಹಿಡಿಯಿತು, ಗಂಡ ಹೆಂಡತಿ ಇಬ್ಬರಿಗೂ ಖುಷಿ. ಆಮೇಲೆ ತೆರೆದ ಮಾಡೆಲ್ ಹಾಕಿದೆ. ನಡುವಿನ ಬಾಗಿಲು ನೇರ ಮಂಚದ ಮೇಲೆ ಬಂತು. ಆಕೆ ಫೋನ್ ಹಿಡಿದುಕೊಂಡೇ ಆ ಸಂದಿಯಲ್ಲಿ ನಿಂತು, "ಇಲ್ಲಿ ನಿಂತು ಸೀರೆ ತೆಗೆಯೋಕೆ ಆಗಲ್ಲ ಕಣ್ರೀ" ಅಂದರು. ಜಾರುವ ಬಾಗಿಲಿನ ಬೀರು ತೋರಿಸಿದೆ, ಅದನ್ನೇ ಆರಿಸಿಕೊಂಡರು. ಇಂಥದ್ದು ಕ್ಯಾಟಲಾಗಿನಲ್ಲಿ ಹೊಳೆಯುವ ಮಾತಲ್ಲ.

ಮನೆಯಲ್ಲಿ ತೋರಿಸುವಾಗ ಮೊದಲು ದೀಪ ಹಾಕಿಸುತ್ತೇನೆ, ಕಿಟಕಿಯ ಪರದೆ ಸರಿಸಿಸುತ್ತೇನೆ. ಕ್ಯಾಮೆರಾಗೆ ನೆಲ ಸಿಗಬೇಕಾದರೆ ನೆಲದ ಮೇಲೆ ಗುರುತು ಕಾಣಬೇಕು. ಬಿಳಿ, ನುಣುಪು ಟೈಲ್ಸ್ ಆದರೆ ಫೋನಿಗೆ ಹಿಡಿಯಲು ಏನೂ ಇರುವುದಿಲ್ಲ, ಸೋಫಾ ಜಾರುತ್ತಾ ಹೋಗುತ್ತದೆ. ಆಗ ಎರಡು ಮೂರು ಹಾಳೆ ಪೇಪರ್ ಹರಡಿ ಫೋನನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ಆಡಿಸಿದರೆ ನೆಲ ಸಿಕ್ಕಿಬಿಡುತ್ತದೆ.

ಫೋನ್ ಯಾವಾಗಲೂ ಗಿರಾಕಿಯ ಕೈಯಲ್ಲೇ ಇರಬೇಕು, ಆದಷ್ಟು ಅವರದೇ ಫೋನ್ ಆಗಿರಬೇಕು. ನಾನು ಹಿಡಿದು ತೋರಿಸಿದರೆ ನಾನು ನಿಂತ ಕೋನದಿಂದಷ್ಟೇ ನೋಡುತ್ತಾರೆ. ಅವರೇ ಹಿಡಿದರೆ ಅಡುಗೆಮನೆ ಬಾಗಿಲಿಂದ ನೋಡುತ್ತಾರೆ, ಟಿವಿ ಕಡೆಯಿಂದ ನೋಡುತ್ತಾರೆ, ಅಜ್ಜಿಯನ್ನು ಕರೆದು ತೋರಿಸುತ್ತಾರೆ. ಆ ಹೊತ್ತಿನಲ್ಲಿ ನಾನು ಮಾತಾಡುವುದಿಲ್ಲ. ಸೋಫಾದ ಗುಣಗಾನ ಆಗ ಯಾರಿಗೂ ಬೇಕಿರುವುದಿಲ್ಲ.

ಎಆರ್ ಹೇಳದ ವಿಷಯಗಳನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಬಣ್ಣವನ್ನು ಪರದೆಯಲ್ಲಿ ನಂಬಬಾರದು. ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ಅದಕ್ಕೇ ಬಟ್ಟೆಯ ತುಂಡು, ಪಾಲಿಶ್ ಹಾಕಿದ ಮರದ ಚೂರು ಜೊತೆಗೇ ಒಯ್ಯುತ್ತೇನೆ. ಕೂತರೆ ಹೇಗಿರುತ್ತದೆ ಅನ್ನುವುದಕ್ಕೆ ಅಂಗಡಿಗೇ ಬರಬೇಕು. ಇನ್ನೊಂದು, ಬಹಳ ಮುಖ್ಯವಾದದ್ದು: ಹಾಲ್‌ನಲ್ಲಿ ಚೆನ್ನಾಗಿ ಕೂತ ಸೋಫಾ ಹಾಲ್‌ಗೆ ಹೋಗುವ ದಾರಿಯಲ್ಲಿ ಹಿಡಿಯುತ್ತದೋ ಇಲ್ಲವೋ ಎಆರ್‌ಗೆ ಗೊತ್ತಿಲ್ಲ. ಆರ್ಡರ್ ಬರೆಯುವ ಮೊದಲು ಮುಂಬಾಗಿಲು, ಲಿಫ್ಟ್, ಮೆಟ್ಟಿಲಿನ ತಿರುವು ಮೂರನ್ನೂ ಟೇಪ್ ಹಿಡಿದು ಅಳೆದುಕೊಂಡೇ ಬರುತ್ತೇನೆ.