ಮನೆಯಲ್ಲಿ ತಯಾರಿಸಿದ ಬಿಯರಿನ ಕೆಗ್‌ಗಳಿಗೆ ಅನಿಲ ಹಂಚುವ ಮ್ಯಾನಿಫೋಲ್ಡ್

ಒಂದೇ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಮೂರು ನಾಲ್ಕು ಕೆಗ್‌ಗಳಿಗೆ (ಬಿಯರ್ ತುಂಬಿಡುವ ಲೋಹದ ಪೀಪಾಯಿಗಳಿಗೆ) ಅನಿಲ ಹಾಯಿಸಬೇಕಾದರೆ, ಸಿಲಿಂಡರಿನ ಒತ್ತಡವನ್ನು ತಗ್ಗಿಸುವ ರೆಗ್ಯುಲೇಟರಿಗೂ ಕೆಗ್‌ಗಳಿಗೂ ನಡುವೆ ಮ್ಯಾನಿಫೋಲ್ಡ್ ಬೇಕಾಗುತ್ತದೆ. ಒಂದು ಒಳದಾರಿ, ಸಾಲಾಗಿ ಕೆಲವು ಹೊರದಾರಿಗಳು, ಪ್ರತಿ ಹೊರದಾರಿಗೂ ಒಂದು ಬಾಲ್ ವಾಲ್ವ್, ರಚನೆ ಇಷ್ಟೇ. ನಿಜವಾದ ಕೆಲಸವಿರುವುದು ಸೋರಿಕೆ ತಡೆಯುವುದರಲ್ಲಿ, ಏಕೆಂದರೆ ಕಿವಿಗೆ ಕೇಳಿಸದಷ್ಟು ಸಣ್ಣ ಸೋರಿಕೆಯೂ ಕೆಲವೇ ದಿನಗಳಲ್ಲಿ ಸಿಲಿಂಡರನ್ನು ಬರಿದು ಮಾಡಬಲ್ಲದು.

ಟೀ (ಮೂರು ಬಾಯಿಯ ಕೂಡುಗೆ) ಮತ್ತು ನಿಪ್ಪಲ್‌ಗಳನ್ನು (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಕೊಳವೆ) ಒಂದಕ್ಕೊಂದು ಪೋಣಿಸಿಯೂ ಮ್ಯಾನಿಫೋಲ್ಡ್ ಮಾಡಬಹುದು. ಆದರೆ ಕೂಡುಗೆ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚುವುದರಿಂದ, ಕಾಲಿಂಚು ಥ್ರೆಡ್ಡಿನ ರಂಧ್ರಗಳನ್ನು ಮೊದಲೇ ಕೊರೆದಿರುವ ಹಿತ್ತಾಳೆಯ ಅಥವಾ ಅಲ್ಯೂಮಿನಿಯಮ್ಮಿನ ಒಂದೇ ಕಂಬಿಯನ್ನು ಆರಿಸಿಕೊಳ್ಳುವುದು ನನ್ನ ಮಟ್ಟಿಗೆ ಜಾಣತನ. ಬಿಡಿಭಾಗ ಕೊಳ್ಳುವಾಗ ಥ್ರೆಡ್ಡಿನ ಜಾತಿಯನ್ನು ತಪ್ಪದೆ ನೋಡಬೇಕು. ಕಾಲಿಂಚಿನ ಎನ್‌ಪಿಟಿ (ಅಮೆರಿಕದ ಮಾನಕ) ಥ್ರೆಡ್ಡಿಗೆ ಇಂಚಿಗೆ 18 ಸುತ್ತು ಮತ್ತು 60 ಡಿಗ್ರಿ ಕೋನವಿದ್ದರೆ, ಅದೇ ಅಳತೆಯ ಬಿಎಸ್‌ಪಿಗೆ (ಬ್ರಿಟಿಷ್ ಮಾನಕ) 19 ಸುತ್ತು ಮತ್ತು 55 ಡಿಗ್ರಿ ಕೋನ. ಇವೆರಡೂ ಮೊದಲ ಒಂದೆರಡು ಸುತ್ತು ಚೆನ್ನಾಗಿಯೇ ಕೂಡಿಕೊಂಡು ಮೋಸ ಮಾಡುತ್ತವೆ. ಆಮೇಲೆ ಎಷ್ಟು ಟೇಪ್ ಸುತ್ತಿದರೂ ಸೋರಿಕೆ ನಿಲ್ಲುವುದಿಲ್ಲ.

ಪ್ರತಿ ಹೊರದಾರಿಗೂ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಗೊಡುವ ವಾಲ್ವ್) ಇರುವ ಬಾಲ್ ವಾಲ್ವನ್ನೇ ಹಾಕಿ. ರೆಗ್ಯುಲೇಟರಿನ ಒತ್ತಡ ಕೆಗ್ಗಿನ ಒತ್ತಡಕ್ಕಿಂತ ಕಡಿಮೆಯಾದಾಗ ಬಿಯರ್ ಹಿಮ್ಮುಖವಾಗಿ ಹರಿದು ರೆಗ್ಯುಲೇಟರನ್ನು ಕೆಡಿಸುವುದನ್ನು ಇದು ತಡೆಯುತ್ತದೆ. ಅಂದಹಾಗೆ, ಬಾಲ್ ವಾಲ್ವನ್ನು ಅರ್ಧ ಮುಚ್ಚಿದರೆ ಹರಿವು ನಿಧಾನವಾಗುತ್ತದೆಯೇ ಹೊರತು ಕೆಗ್ಗಿನ ಒತ್ತಡ ಅರ್ಧವಾಗುವುದಿಲ್ಲ. ಕೆಗ್ಗಿಗೊಂದು ಒತ್ತಡ ಬೇಕೆನ್ನುವವರು ಬೇರೆ ಬೇರೆ ರೆಗ್ಯುಲೇಟರುಗಳನ್ನೇ ಇಡಬೇಕು.

ಥ್ರೆಡ್ಡಿನ ತುದಿ ನಿಮ್ಮತ್ತ ಇರುವಂತೆ ಹಿಡಿದು, ಮೊದಲ ಸುತ್ತನ್ನು ಬಿಟ್ಟು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಮೂರು ನಾಲ್ಕು ಬಾರಿ ಬಿಗಿಯಾಗಿ ಸುತ್ತಿ. ಫ್ಲೇರ್ ಕೂಡುಗೆಗೆ (ಇಳಿಜಾರು ಮುಖಗಳು ಒಂದಕ್ಕೊಂದು ಒತ್ತಿ ಕೂರುವ ಕೂಡುಗೆ) ಮಾತ್ರ ಟೇಪ್ ಬೇಡ, ಅಲ್ಲಿ ಅನಿಲವನ್ನು ತಡೆಯುವುದು ಥ್ರೆಡ್ ಅಲ್ಲ, ಇಳಿಜಾರಾದ ಮುಖ. ಹೋಸಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆದುವಾಗಿಸಿ ಬಾರ್ಬಿನ (ಹೋಸ್ ಸಿಕ್ಕಿಸುವ ಏಣುಗಳಿರುವ ಮೂತಿಯ) ಬುಡದವರೆಗೂ ತಳ್ಳಿ ಕ್ಲಾಂಪ್ ಬಿಗಿಯಿರಿ.

ಮ್ಯಾನಿಫೋಲ್ಡನ್ನು ರೆಗ್ಯುಲೇಟರಿನ ಕಡಿಮೆ ಒತ್ತಡದ ಬದಿಗಷ್ಟೇ ಜೋಡಿಸಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಂಡರಿನೊಳಗೆ ಸುಮಾರು 57 ಬಾರ್ ಒತ್ತಡವಿರುತ್ತದೆ. ಪರೀಕ್ಷೆಗಾಗಿ ಹೊರದಾರಿಗಳ ವಾಲ್ವ್ ಮುಚ್ಚಿ, 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಅಂದರೆ ಸುಮಾರು 2 ಬಾರ್) ಒತ್ತಡ ತುಂಬಿ, ಸಾಬೂನು ನೀರನ್ನು ಎಲ್ಲ ಕೂಡುಗೆಗಳಿಗೂ ಬಳಿಯಿರಿ. ಗುಳ್ಳೆ ಏಳದಿದ್ದರೆ ಸಿಲಿಂಡರಿನ ವಾಲ್ವನ್ನೂ ಮುಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮಾಪಕ ನೋಡಿ. ಬಳಿಕ ಹೋಸುಗಳ ತುದಿಗೆ ಖಾಲಿ ಕೆಗ್‌ಗಳನ್ನು ಸಿಕ್ಕಿಸಿ, ವಾಲ್ವ್‌ಗಳನ್ನು ತೆರೆದು ಇದನ್ನೇ ಮತ್ತೊಮ್ಮೆ ಮಾಡಿ. ಬಿಯರ್ ತುಂಬಿದ ಕೆಗ್ ಜೋಡಿಸಿ ಪರೀಕ್ಷಿಸಿದರೆ ಬಿಯರೇ ಅನಿಲವನ್ನು ಹೀರಿಕೊಂಡು ಮುಳ್ಳು ಇಳಿಯುತ್ತದೆ, ಇಲ್ಲದ ಸೋರಿಕೆಯನ್ನು ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ.

ಮುಳ್ಳು ಕದಲದಿದ್ದರೆ ಒತ್ತಡವನ್ನು 12 ಪಿಎಸ್‌ಐಗೆ ಇಳಿಸಿ, ಬಿಯರ್ ಕೆಗ್‌ಗಳನ್ನು ಜೋಡಿಸಿ. 4 ಡಿಗ್ರಿಯಲ್ಲಿ ಒಂದೆರಡು ವಾರಕ್ಕೆ ಬಿಯರಿಗೆ ಸುಮಾರು ಎರಡೂವರೆ ಪಟ್ಟು ಗಾತ್ರದ ಅನಿಲ ಸೇರಿರುತ್ತದೆ.