‘ದೇವರು ನನಗೆ ತೋರಿಸಿದ್ರು’ ಅಂದಾಗ ನಾನು ಮಾಡಿದ್ದು

ನಿಶ್ಚಿತಾರ್ಥ ಆದಮೇಲೆ, ನನ್ನನ್ನು ಮದುವೆಯಾಗಬೇಕಿದ್ದವರು ದಿನಾ ರಾತ್ರಿ ಫೋನ್ ಮಾಡಿ ಪ್ರಾರ್ಥನೆ ಮಾಡುತ್ತಿದ್ದರು. ನಮ್ಮ ಚರ್ಚಿನ ಸಭೆಯಲ್ಲಿ ಕೇಳಿದವರೆಲ್ಲ ‘ಎಂಥಾ ಆಶೀರ್ವಾದ’ ಅಂದರು. ನಾನು ಆಗ ಹೊಸನಗರದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಹೊಸನಗರದ ಕಡೆ ಮಳೆಗಾಲ ಗೊತ್ತಲ್ವಾ, ಮರ ಬಿದ್ದು ಕರೆಂಟ್ ಹೋದರೆ ಅದರ ಹಿಂದೆಯೇ ಟವರ್ ಕೂಡ ಹೋಗುತ್ತದೆ. ಒಂದು ರಾತ್ರಿ ಫೋನ್ ಸಿಗದಿದ್ದರೆ ಮಾರನೇ ದಿನ ವಿಚಾರಣೆ ಶುರು. ‘ನೆಟ್‌ವರ್ಕ್ ಇರ್ಲಿಲ್ವಾ, ಇಲ್ಲ ನಿನಗೆ ಪ್ರಾರ್ಥನೆ ಬೇಡವಾಗಿತ್ತಾ? ಈಗ ಎಲ್ಲಿದ್ದೀಯಾ, ಫೋಟೋ ಕಳ್ಸು.’

ಅನುಮಾನದ ಗಂಡಸರು ಎಲ್ಲ ಕಡೆ ಇದ್ದಾರೆ. ನಾನು ಎಚ್ಚೆತ್ತದ್ದು ನಡುವೆ ದೇವರು ಬಂದಾಗ. ‘ನೀನು ಕೆಲಸ ಬಿಡಬೇಕು ಅಂತ ದೇವರು ನನಗೆ ತೋರಿಸಿದ್ರು’ ಅಂದರು. ‘ನನಗೆ ಇಷ್ಟ ಇಲ್ಲ’ ಅಂದಿದ್ದರೆ ಮಾತಾಡಬಹುದಿತ್ತು, ಜಗಳವನ್ನಾದರೂ ಆಡಬಹುದಿತ್ತು. ದೇವರ ಹೆಸರು ಬಂದಮೇಲೆ ಎದುರಾಡಿದವಳು ದೇವರಿಗೇ ಎದುರಾಡಿದ ಹಾಗೆ.

ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ನನಗೆ ಹೇಗನಿಸಿತು ಅಂತಲ್ಲ, ಅವರು ಅಂದದ್ದು ಅಂದ ಹಾಗೇ, ತಾರೀಖಿನ ಸಮೇತ. ಯಾಕಂದರೆ ‘ನಾನು ಹಾಗಂದೇ ಇಲ್ಲ, ನೀನೇ ತಪ್ಪು ತಿಳ್ಕೊಂಡೆ’ ಅನ್ನೋದು ಅವರಿಗೆ ರೂಢಿ. ಎಲ್ಲವನ್ನೂ ಒಟ್ಟಿಗೆ ಓದಿದಾಗ ನಗುವೇ ಬಂತು. ದೇವರು ತೋರಿಸಿದ್ದೆಲ್ಲ ಅವರಿಗೆ ಅನುಕೂಲವಾದದ್ದೇ! ಅವರೇ ಏನಾದರೂ ಬಿಡಬೇಕು ಅಂತ ಒಂದು ಸಲವೂ ತೋರಿಸಿರಲಿಲ್ಲ.

ಆಮೇಲೆ ಅವರು ಕಳಿಸುತ್ತಿದ್ದ ವಾಕ್ಯಗಳನ್ನು ಬೈಬಲ್‌ನಲ್ಲಿ ಹಿಂದೆ ಮುಂದೆ ಸೇರಿಸಿ ಓದಿದೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಿಂದ ಅವರು ಕಳಿಸುತ್ತಿದ್ದದ್ದು 22ನೇ ವಚನ ಮಾತ್ರ, ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಅನ್ನೋದು. ಅದಕ್ಕೆ ಮುಂಚಿನ ವಚನ ಒಬ್ಬರಿಗೊಬ್ಬರು ಅಧೀನರಾಗಿರಿ ಅನ್ನುತ್ತದೆ. 25ನೇದು ಗಂಡನಿಗೇ ಹೇಳಿದ್ದು, ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟ ಹಾಗೆ ಪ್ರೀತಿಸು ಅಂತ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಿಂದ, ಏಳೆಪ್ಪತ್ತು ಸಲ ಕ್ಷಮಿಸು ಅನ್ನೋ ಮಾತು ಕಳಿಸೋರು. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ನೋಡಿ. ತಪ್ಪು ಮಾಡಿದವನಿಗೆ ಮೊದಲು ಒಂಟಿಯಾಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಅಂತಿದೆ. ಸುಮ್ನೆ ನುಂಗಿಕೊಂಡು ಇರು ಅಂತ ಎಲ್ಲೂ ಇಲ್ಲ.

ಬೈಬಲ್‌ನಲ್ಲಿ ಬಲಶಾಲಿ ಸಂಸೋನನ ಗುಟ್ಟು ತಿಳಿದು ಅವನನ್ನು ಶತ್ರುಗಳಿಗೆ ಹಿಡಿದುಕೊಟ್ಟ ದೆಲೀಲಳ ಕಥೆಯನ್ನೂ ಮತ್ತೆ ಓದಿದೆ. ಹೆಣ್ಣನ್ನು ನಂಬಬಾರದು ಅನ್ನೋಕೆ ಎಲ್ಲರೂ ಎತ್ತುವ ಕಥೆ. ನನಗೆ ಕಂಡದ್ದು ಅವಳ ವರಸೆ. ಪ್ರೀತಿ ಇದ್ದರೆ ನಿನ್ನ ಬಲದ ಗುಟ್ಟು ಹೇಳು ಅಂತ ದಿನಾ ಕಾಡುತ್ತಾಳೆ, ಸಂಸೋನನಿಗೆ ಜೀವವೇ ಸಾಕಾಗುತ್ತದೆ. ನನ್ನ ಫೋನಿನಲ್ಲಿ ಆ ವರಸೆ ಗಂಡು ದನಿಯಲ್ಲಿತ್ತು, ಅಷ್ಟೇ.

ಕೊನೆಗೆ ಒಂದು ಸಣ್ಣ ವಿಷಯಕ್ಕೆ ‘ಆಗಲ್ಲ’ ಅಂದು ನೋಡಿದೆ. ಭದ್ರಾವತಿಯಲ್ಲಿ ಶನಿವಾರದ ಪ್ರಾರ್ಥನಾ ಕೂಟ ಇತ್ತು. ಪರೀಕ್ಷೆ ಪೇಪರ್ ತಿದ್ದೋದಿದೆ, ಈ ವಾರ ಬರೋಕಾಗಲ್ಲ ಅಂದೆ. ನಿಜಕ್ಕೂ ಇತ್ತು. ಆ ಕೂಟದಲ್ಲಿ ಅವರು ನನಗಾಗಿ ಪ್ರಾರ್ಥಿಸಲು ಕೇಳಿಕೊಂಡರಂತೆ, ನನ್ನಲ್ಲಿ ಈಜೆಬೆಲಳ, ಅಂದರೆ ಬೈಬಲ್‌ನ ಆ ದುಷ್ಟ ರಾಣಿಯ, ಆತ್ಮ ಇದೆ ಅಂತ. ಅದರ ಜೊತೆಗೆ ಅಪ್ಪನ ಸಾಲದ ವಿಷಯ. ಅದನ್ನು ನಾನು ಅವರೊಬ್ಬರಿಗೇ ಹೇಳಿದ್ದೆ. ಚಾಡಿ ಅಂದರೆ ಜನ ಬೈತಾರೆ, ಪ್ರಾರ್ಥನಾ ವಿನಂತಿ ಅಂದರೆ ಕಣ್ಣು ಮುಚ್ಚಿ ಕೇಳ್ತಾರೆ. ಸೋಮವಾರ ಅಮ್ಮನಿಗೆ ಫೋನ್ ಮಾಡಿ ಅತ್ತರು, ಅವಳಿಲ್ಲದೆ ನಾನು ಬದುಕಲ್ಲ ಅಂತ.

ನೋಟ್‌ಬುಕ್ ಅಮ್ಮನ ಕೈಗೆ ಕೊಟ್ಟೆ. ಚರ್ಚಿನಲ್ಲಿ ಮದುವೆ ಪ್ರಕಟಣೆ ಓದುವ ಮೊದಲೇ ಸಂಬಂಧ ಮುರಿಯಿತು. ಒಂದಷ್ಟು ದಿನ ಮಾತು ಕೇಳಬೇಕಾಯಿತು, ಕೇಳಿದೆವು.

ಈಗ ಸಭೆಯ ಹೆಂಗಸರು ಒಬ್ಬೊಬ್ಬರೇ ಬಂದು ಕೇಳುತ್ತಾರೆ. ಮದುವೆಯಾದವರ ಕಷ್ಟ ನನ್ನದಕ್ಕಿಂತ ದೊಡ್ಡದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರ ಅಲ್ಲ, ಮಾತಿನಿಂದ ಹಿಂಸೆ ಕೊಡೋದು, ದುಡ್ಡು ಕೊಡದೆ ಸತಾಯಿಸೋದು ಕೂಡ ಸೇರುತ್ತದೆ ಅಂದರೆ ಬಹಳ ಜನಕ್ಕೆ ಆಶ್ಚರ್ಯ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು ಅಂತಲೂ ಹೇಳುತ್ತೇನೆ. ಪಾಸ್ಟರ್ ಹತ್ತಿರ ಹೋಗ್ತೀನಿ ಅನ್ನುವವರಿಗೆ ಹೇಳೋದು ಒಂದೇ: ಮೊದಲ ಸಲ ಗಂಡನ ಜೊತೆ ಕೂರಬೇಡಿ ಅಕ್ಕ. ಒಬ್ಬರೇ ಹೋಗಿ, ಇಲ್ಲ ಪಾಸ್ಟರಮ್ಮನ ಹತ್ತಿರ ಮಾತಾಡಿ. ಗಂಡ ಪಕ್ಕದಲ್ಲಿ ಕೂತಿದ್ದರೆ ‘ಎಲ್ಲ ಚೆನ್ನಾಗಿದೆಯಮ್ಮಾ?’ ಅನ್ನೋ ಪ್ರಶ್ನೆಗೆ ಯಾರು ತಾನೇ ಇಲ್ಲ ಅಂತಾರೆ?