ದುಡುಕು ಬರೀ ತುಂಟತನವೋ, ಎಡಿಎಚ್‌ಡಿಯೋ? ಬರೆದು ನೋಡುವ ಬಗೆ

ಮೂರು ವರ್ಷದ ಮಗು ಆಟಿಕೆ ಕಿತ್ತುಕೊಂಡರೆ ಅದು ವಯಸ್ಸಿನ ಗುಣ. ಎಂಟರ ಮಗು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದು, ಸರದಿ ಕಾಯಲಾರದಿರುವುದು, ಇನ್ನೊಬ್ಬರ ಮಾತಿನ ಮಧ್ಯೆ ನುಗ್ಗುವುದು ತಿಂಗಳುಗಟ್ಟಲೆ ನಡೆದರೆ ಗಮನಿಸಲೇಬೇಕು. ಅದು ಎಡಿಎಚ್‌ಡಿ, ಅಂದರೆ ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇರಬಹುದು.

ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆಯಿರಿ: ಹೊತ್ತು, ಅದಕ್ಕೆ ಮುಂಚೆ ನಡೆಯುತ್ತಿದ್ದದ್ದು, ಮಗು ಮಾಡಿದ್ದು, ಆಮೇಲಾದದ್ದು. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಎಂಬುದೂ ಇರಲಿ. ‘ತುಂಬಾ ತುಂಟ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. ‘ಸಂಜೆ 6:10. ತಂಗಿಯ ಸರದಿ. ದಾಳ ಕಿತ್ತುಕೊಂಡ. ನಿನ್ನ ಸರದಿಯಲ್ಲ ಅಂದರೆ, ಗೊತ್ತು ಅಂದ. ಮರುಸುತ್ತಿನಲ್ಲಿ ಮತ್ತೆ ಕಿತ್ತುಕೊಂಡ.’ ಹೀಗಿರಬೇಕು. ಆ ‘ಗೊತ್ತು’ ಎಂಬ ಮಾತನ್ನು ಬಿಡಬೇಡಿ. ನಿಯಮ ಗೊತ್ತಿದ್ದೂ ಆ ಗಳಿಗೆಯಲ್ಲಿ ಕೈ ನಿಲ್ಲದಿರುವುದೇ ಇಲ್ಲಿನ ತೊಡಕು. ಬೈಗುಳ ಕೆಲಸ ಮಾಡದಿರುವುದೂ ಅದಕ್ಕೇ.

ಶಿಕ್ಷಕರನ್ನು ಬೇರೆಯಾಗಿ ಕೇಳಿ, ನಿಮ್ಮ ಅನುಮಾನ ಮೊದಲೇ ಹೇಳದೆ. ಮನೋವೈದ್ಯರು ತೊಂದರೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ಗಮನಕೊರತೆಯ ಒಂಬತ್ತು ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆ-ದುಡುಕಿನ ಒಂಬತ್ತರಲ್ಲಿ ಕನಿಷ್ಠ 6 ಲಕ್ಷಣ, 6 ತಿಂಗಳಿಂದ, ಎರಡು ಕಡೆಯಾದರೂ ಕಾಣಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಓದು-ಒಡನಾಟಕ್ಕೆ ಅಡ್ಡಿಯಾಗಿರಬೇಕು. ಶಾಲೆಯಲ್ಲಿ ಮಾತ್ರ ಕಂಡರೆ ಮೊದಲು ಕಲಿಕೆಯ ತೊಂದರೆ, ಸಹಪಾಠಿಗಳ ಕಾಟ ಇವೆಯೇ ನೋಡಿ.

ಹೆಚ್ಚು ಜನ ಎಡವುವುದು ಒಂದೇ ಕಡೆ: ‘ವಿಡಿಯೊ ಗೇಮ್ ಮುಂದೆ ಎರಡು ಗಂಟೆ ಕೂರುತ್ತಾನಲ್ಲ!’ ಕ್ಷಣಕ್ಷಣಕ್ಕೂ ಬಹುಮಾನ ಸಿಗುವ ಕಡೆ ಎಡಿಎಚ್‌ಡಿ ಇರುವ ಮಗುವೂ ಕೂರುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿಗೆ ಈ ಹಣೆಪಟ್ಟಿ ಸುಲಭವಾಗಿ ಅಂಟುತ್ತದೆ, ಆದ್ದರಿಂದ ಹುಟ್ಟಿದ ತಿಂಗಳನ್ನೂ ಬರೆಯಿರಿ. ಗದ್ದಲ ಮಾಡದೆ ಕನಸು ಕಾಣುತ್ತ ಕೂರುವ ಹುಡುಗಿಯರು ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ.

ನೋಟ್‌ಬುಕ್ಕನ್ನು ಮಕ್ಕಳ ವೈದ್ಯರಿಗೆ ಕೊಡಿ. ಇದಕ್ಕೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಗೊರಕೆ, ಕಿವಿ ಮಂದವಾಗಿರುವುದು, ಕೆಲವು ಸೆಕೆಂಡು ಶೂನ್ಯದೃಷ್ಟಿಯಲ್ಲಿ ನಿಂತುಬಿಡುವುದು ಇದ್ದರೆ ತಪ್ಪದೆ ಹೇಳಿ. ನಿದ್ದೆಯ ತೊಂದರೆಯೂ ಒಂದು ಬಗೆಯ ಅಪಸ್ಮಾರವೂ ಹೀಗೇ ಕಾಣಬಹುದು. ಆರು ವರ್ಷದೊಳಗಿನವರಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಹೆತ್ತವರಿಗೆ ಕೊಡುವ ತರಬೇತಿ.

ಅಲ್ಲಿಯವರೆಗೆ ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಮಗು ಸರದಿ ಕಾದರೆ ಆ ಕ್ಷಣವೇ ಮೆಚ್ಚಿ, ಸಂಜೆಗೆ ಉಳಿಸಬೇಡಿ. ರಸ್ತೆಗೆ ನುಗ್ಗುವ, ಎತ್ತರದಿಂದ ಹಾರುವ ಮಗುವಾದರೆ ಎರಡು ವಾರ ಕಾಯದೆ ನೇರ ವೈದ್ಯರಲ್ಲಿಗೆ ಹೋಗಿ.